ಸೋಮವಾರದ ಸಾಷ್ಟಾಂಗ

ನನ್ನ ಕುಲ್ಫಿಯಲ್ಲಿ ಮರಳಿದೆ ಎಂದು ಜಯನಗರದ ಛತ್ರವೊಂದರಲ್ಲಿ, ಮುನ್ನೂರು ಜನರ ಎದುರಿಗೆ, ಗಂಡಿನ ಸೋದರಮಾವ ಎದ್ದು ನಿಂತು ಹೇಳಿದ. ಆಷಾಢ ಹಿಡಿಯುವ ಮುಂಚಿನ ಕೊನೆಯ ಮುಹೂರ್ತ ಅದು. ಆತನದು ಕಟ್ಟಿಸಿದ ಹಲ್ಲು ಎಂಬುದು ಮೂರನೇ ಪಂಕ್ತಿಯಲ್ಲಿ ಕೂತವರಿಗೂ ಕಾಣುತ್ತಿತ್ತು. ಆದರೂ ನಾನು ಬಾಯಿ ಮುಚ್ಚಿಕೊಂಡೆ, ಏಕೆಂದರೆ ಅಷ್ಟರಲ್ಲಿ ನಾನೂ ಒಂದು ಕಡ್ಡಿ ಕುಲ್ಫಿ ಬಾಯಿಗಿಟ್ಟಿದ್ದೆ. ಮರಳಿತ್ತು. ಹೊಳೆಯ ಮರಳಲ್ಲ, ಸಕ್ಕರೆಯ ಹರಳು. ನಾಲಿಗೆಯ ಮೇಲೆ ಸಣ್ಣ ರವೆಯಂತೆ ಓಡಾಡಿ ಹಲ್ಲಿಗೆ ಕರಕರ ಎನ್ನುತ್ತಿತ್ತು. ಬನಶಂಕರಿ ಎರಡನೇ ಹಂತದಲ್ಲಿ ಇಪ್ಪತ್ತೆರಡು ವರ್ಷದಿಂದ ಕುಲ್ಫಿ ಮಾಡಿ ಛತ್ರಗಳಿಗೆ ಕೊಡುತ್ತಿರುವವಳು ನಾನು. ಈ ಚೂಡಾಮಣಿಗೆ ಇಂಥ ಮಾತು ಕೇಳುವ ಗತಿ ಬಂದದ್ದು ಅದೇ ಮೊದಲು.

ತಪ್ಪು ಎಲ್ಲಿಂದ ಬಂತೆಂದು ನನಗೆ ತಕ್ಷಣ ಗೊತ್ತಾಯಿತು. ನನ್ನ ಕುಲ್ಫಿಗೆ ನಾನು ಹಾಲು ಬತ್ತಿಸುವುದಿಲ್ಲ. ಬತ್ತಿಸಿದ ಹಾಲನ್ನೇ ಕೊಳ್ಳುತ್ತೇನೆ. ಕಾರ್ಖಾನೆಯಲ್ಲಿ ನೀರು ಹಾರಿಸಿ, ಸಕ್ಕರೆ ಸೇರಿಸಿ, ಜೇನುತುಪ್ಪದ ಹದಕ್ಕೆ ತಂದ ಹಾಲು ಅದು. ಮನೆಗಳಲ್ಲಿ ಪಾಯಸಕ್ಕೆಂದು ಒಂದು ಪುಟ್ಟ ಡಬ್ಬ ತಂದಿಟ್ಟುಕೊಂಡು ಕಂಡೆನ್ಸ್ಡ್ ಮಿಲ್ಕ್ ಎನ್ನುತ್ತಾರಲ್ಲ, ಅದೇ. ನಮ್ಮಂಥ ಕುಲ್ಫಿಯವರು, ಟಾಫಿಯವರು, ಬೇಕರಿಯವರು, ಐಸ್‌ಕ್ರೀಮಿನವರು ಕೊಳ್ಳುವುದು ಮಾತ್ರ ಏಳೂವರೆ ಕೆಜಿಯ ತಗಡಿನ ಡಬ್ಬದಲ್ಲಿ. ನಮಗೆಲ್ಲ ಅದನ್ನು ತಂದುಕೊಡುವವರು ಹನುಮಂತನಗರದ ಮರುಳಸಿದ್ದಪ್ಪನವರು. ಅವರ ಬಾಯಲ್ಲಿ ಅದಕ್ಕೆ ಗಟ್ಟಿಹಾಲು ಎಂದು ಹೆಸರು. ಇಂಗ್ಲಿಷ್ ಬಾರದೆ ಅಲ್ಲ, ಹಾಲಿಗೆ ಇಂಗ್ಲಿಷ್ ಏಕೆ ಎಂಬುದು ಅವರ ವಾದ.

ಅರಸೀಕೆರೆಯ ಕಡೆಯಿಂದ ಬಂದವರು. ಬಿಸ್ಕತ್ತಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಹತ್ತು ವರ್ಷ ಡಬ್ಬ ಎಣಿಸಿ, ಎಣಿಸುವುದಕ್ಕಿಂತ ಮಾರುವುದು ಮೇಲೆಂದು ಸ್ವಂತ ವ್ಯಾಪಾರಕ್ಕೆ ಇಳಿದರು. ಈಗ ಅರವತ್ತೆಂಟು. ಎತ್ತರದ ಒಣಕಲು ಆಳು, ಹಣೆಯ ತುಂಬ ಮೂರು ಬೆರಳಿನ ವಿಭೂತಿ, ಬಿಳಿಯ ಅರ್ಧ ತೋಳಿನ ಅಂಗಿ, ಹಳೆಯ ಸ್ಕೂಟರು. ಸ್ಕೂಟರಿನ ಡಿಕ್ಕಿಯಲ್ಲಿ ಬಟ್ಟೆ ಸುತ್ತಿದ ಸ್ಟೀಲ್ ಚಮಚ ಸದಾ ಇರುತ್ತದೆ. ಹೊಸ ಸರಕು ಬಂದರೆ ಆ ಚಮಚದಲ್ಲಿ ತೆಗೆದು ರುಚಿ ನೋಡಬೇಕು. ಆದರೆ ಬೆಳಗಿನ ಲಿಂಗಪೂಜೆ ಆಗದೆ ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ಪೂಜೆಯಾದ ಮೇಲೆ ಬಾಯಿಗೆ ಹಾಕಿಕೊಂಡದ್ದು ಏನಿದ್ದರೂ ಪ್ರಸಾದ, ಅದನ್ನು ಉಗುಳುವ ಹಾಗಿಲ್ಲ. ಚಮಚ ನೆಕ್ಕಿ, ಚಮಚ ತೊಳೆದ ನೀರನ್ನೂ ಕುಡಿದುಬಿಡುತ್ತಾರೆ. ಒಮ್ಮೆ ಟೈ ಕಟ್ಟಿದ ಕಂಪನಿಯವನೊಬ್ಬ ರುಚಿ ನೋಡಿ ಉಗಿಯಿರಿ ಎಂದು ಬಟ್ಟಲು ಮುಂದಿಟ್ಟನಂತೆ. "ನಿಮ್ಮ ಸರಕಿನ ಬಗ್ಗೆ ನಿಮಗೇ ಅಷ್ಟು ಅಸಹ್ಯ ಇದ್ರೆ ನನಗೆ ಯಾಕಪ್ಪ ಮಾರ್ತೀರಾ?" ಎಂದು ಎದ್ದು ಬಂದರು.

ಬಿಟಿಎಂ ಲೇಔಟಿನಲ್ಲಿ ಹೊಸದಾಗಿ ಕೇಕಿನಂಗಡಿ ತೆರೆದ ಹುಡುಗಿಯೊಬ್ಬಳು, "ಅಂಕಲ್, ಹತ್ತು ನಿಮಿಷದಲ್ಲಿ ಡೆಲಿವರಿ ಕೊಡ್ತೀರಾ?" ಎಂದು ಫೋನಿನಲ್ಲಿ ಕೇಳಿದ್ದಳು. "ಹತ್ತು ನಿಮಿಷದಲ್ಲಿ ಹಾಲು ಉಕ್ಕುತ್ತೆ ಅಷ್ಟೇ ಕಣಮ್ಮ, ಗಟ್ಟಿ ಆಗಲ್ಲ," ಎಂದು ಹೇಳಿ ಮಾರನೆಯ ದಿನ ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು. ವ್ಯಾಪಾರದಲ್ಲಿ ಇಷ್ಟು ನಿಧಾನದ ಮನುಷ್ಯ ಹೇಗೆ ಬದುಕಿದ ಎಂದು ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಡಬ್ಬ ಕೆಟ್ಟದ್ದಿಲ್ಲ. ಅದಕ್ಕೇ ಛತ್ರದ ಆ ಕರಕರ ನನಗೆ ಅಷ್ಟು ಸಿಟ್ಟು ತರಿಸಿದ್ದು.

ಮಾರನೆಯ ಬೆಳಿಗ್ಗೆ ಉಳಿದ ಕುಲ್ಫಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಬಯ್ಗುಳ ಜೋಡಿಸಿಕೊಂಡೆ. ನನ್ನ ಬಾಯಿಯ ಬಗ್ಗೆ ಬನಶಂಕರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಹನುಮಂತನಗರದ ಗುಡ್ಡದ ಹಿಂದಿನ ರಸ್ತೆಯಲ್ಲಿ ಅವರ ಮನೆ. ಕೆಳಗೆ ಕಾರು ನಿಲ್ಲಬೇಕಾದ ಜಾಗವೇ ಗೋಡೌನು. ಮೂರು ಗೋಡೆಗೆ ಹಲಗೆಯ ಅಟ್ಟಣಿಗೆ, ಅದರ ಮೇಲೆ ಸಾಲಾಗಿ, ಮಾರಿ ಉಳಿದ ತೊಂಬತ್ತಾರು ಡಬ್ಬ. ಒಂದು ಮೂಲೆಯಲ್ಲಿ ಶಿವನ ಪಟ, ಅದರ ಮುಂದೆ ಊದುಬತ್ತಿ. ನಾನು ಹೋದಾಗ ಮರುಳಸಿದ್ದಪ್ಪನವರ ಹೆಂಡತಿ ಕಮಲಾದೇವಿಯವರು ಮಜ್ಜಿಗೆ ತಂದುಕೊಟ್ಟರು. ಎಡಗೈಯಲ್ಲಿ ಕೊಟ್ಟದ್ದಕ್ಕೆ ತಾವೇ ನಾಚಿಕೊಂಡು, "ಬಲಗೈ ಮೇಲೇಳಲ್ಲ ಚೂಡಾಮಣಿಯವ್ರೇ, ಭುಜ ಹಿಡ್ಕೊಂಡಿದೆ," ಎಂದರು. ಅವರ ಮೈಯಿಂದ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು. ಅದೇ ವಾಸನೆ ಅವರ ಯಜಮಾನರ ಮೈಯಿಂದಲೂ ಬರುತ್ತಿತ್ತು. ವಯಸ್ಸಾದವರ ಮನೆ, ಒಂದೇ ಮುಲಾಮು ಇಬ್ಬರಿಗೂ ಎಂದುಕೊಂಡೆ.

ಅವರು ಮೇಲೆ ಹೋದ ಮೇಲೆ ನಾನು ಪೆಟ್ಟಿಗೆ ತೆರೆದೆ.

"ತಿಂದು ನೋಡಿ ಸಿದ್ದಪ್ಪನವ್ರೇ. ತಿಂದು, ಇದು ಕುಲ್ಫಿನೋ ಕಾಂಕ್ರೀಟೋ ಹೇಳಿ."

ಮರುಳಸಿದ್ದಪ್ಪನವರು ತಿಂದರು. ಪದ್ಧತಿಯಂತೆ ಕಡ್ಡಿಯವರೆಗೂ ಚೊಕ್ಕವಾಗಿ ತಿಂದರು. ತಿನ್ನುತ್ತಾ ತಿನ್ನುತ್ತಾ ಅವರ ಮುಖ ಇಳಿಯಿತು. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಎದುರಿನವರು ಮುಖ ಇಳಿಸಿಕೊಂಡು ಕೂತರೆ ಜಗಳವಾದರೂ ಹೇಗೆ ನಡೆಯಬೇಕು?

"ತಪ್ಪು ನಂದೇ," ಎಂದರು. "ಇನ್ಮೇಲೆ ಆಗಲ್ಲ. ವ್ಯಾಪಾರಾನೇ ನಿಲ್ಲಿಸ್ತಾ ಇದ್ದೀನಿ. ಕೊರಿಯರ್ ಕಂಪನಿ ನಂದಕುಮಾರ್ ಅಂತ ಒಬ್ರು ಈ ಜಾಗ ಕೇಳ್ತಿದ್ರು. ಬರೋ ಬುಧವಾರ ಕರಾರು ಬರ್ಕೊಳ್ಳೋಕೆ ಬರ್ತಾರೆ."

ನನ್ನ ಬಯ್ಗುಳವೆಲ್ಲ ದಂಡವಾಯಿತು. ಒಂದು ಮದುವೆಯ ಕುಲ್ಫಿಗಾಗಿ ಯಾರಾದರೂ ಅಂಗಡಿ ಮುಚ್ಚುತ್ತಾರೆಯೇ? ಬಿಡಿಸಿ ಕೇಳಿದ ಮೇಲೆ ಸಂಗತಿ ಹೊರಗೆ ಬಂತು.

ಗಟ್ಟಿಹಾಲನ್ನು ಸುಮ್ಮನೆ ತಂದು ಪೇರಿಸಿಟ್ಟರೆ ಆಗುವುದಿಲ್ಲ. ವಾರಗಟ್ಟಲೆ ಒಂದೇ ಕಡೆ ಕೂತರೆ ಸಕ್ಕರೆ ಮೆಲ್ಲಗೆ ಹರಳಾಗಿ ತಳಕ್ಕೆ ಇಳಿಯುತ್ತದೆ. ಅದಕ್ಕೆ ಡಬ್ಬವನ್ನು ಆಗಾಗ ತಲೆಕೆಳಗು ಮಾಡಬೇಕು. ಈ ವಾರ ತಲೆ ಮೇಲಿದ್ದರೆ ಮುಂದಿನ ವಾರ ತಳ ಮೇಲೆ. ಮರುಳಸಿದ್ದಪ್ಪನವರು ಮೂವತ್ತು ವರ್ಷದಿಂದ ಪ್ರತಿ ಸೋಮವಾರ ಸಂಜೆ ಇದೊಂದು ವ್ರತದಂತೆ ನಡೆಸಿಕೊಂಡು ಬಂದಿದ್ದಾರೆ. ಯಾವುದು ತಲೆ, ಯಾವುದು ತಳ ಎಂದು ತಿಳಿಯಲು ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಈ ಸಲ ಬೇಸಿಗೆಯ ಸರಕು ಬಂದಿಳಿದದ್ದು ಶಿವರಾತ್ರಿಯ ದಿನ. ಸೀಮೆಸುಣ್ಣ ಮುಗಿದಿತ್ತು. ಪೂಜೆ ಮುಗಿಸಿ ಬಂದಿದ್ದರಿಂದ ಕೈಯಲ್ಲೇ ವಿಭೂತಿಯ ಗಟ್ಟಿಯಿತ್ತು. ಅದೂ ಬಿಳಿ, ಇದೂ ಬಿಳಿ ಎಂದು ಬಂದ ಅಷ್ಟೂ ಡಬ್ಬದ ಮುಚ್ಚಳಕ್ಕೂ ಮೂರು ಮೂರು ಪಟ್ಟೆ ಎಳೆದರು. ಶಿವರಾತ್ರಿಯ ದಿನ, ಎಷ್ಟು ಚೆನ್ನಾಗಿ ಹೊಂದಿತು ಎಂದು ಸಂತೋಷಪಟ್ಟರು.

"ಆಮೇಲೆ ಶುರುವಾಯ್ತು ನೋಡಿ," ಎಂದರು. "ಸೋಮವಾರ ತಲೆಕೆಳಗು ಮಾಡ್ತೀನಿ. ಬುಧವಾರ ಬಂದು ನೋಡಿದ್ರೆ ಎಲ್ಲಾ ಮೊದಲಿನ ಹಾಗೇ, ವಿಭೂತಿ ಮೇಲ್ಗಡೆ. ಅಂದ್ರೆ ನಾನು ಮಾಡೇ ಇಲ್ಲ. ಮಾಡಿದ್ದೀನಿ ಅಂತ ತಲೆಯಲ್ಲಿ ಇರುತ್ತೆ, ಮಾಡಿರಲ್ಲ. ಬೇರೆ ದಿನ ಮುಟ್ಟೋ ಪದ್ಧತಿ ಇಲ್ಲ, ಮುಂದಿನ ಸೋಮವಾರ ಮಾಡಿದ್ರೂ ಮತ್ತೆ ಹಾಗೇ."

"ಬರೆದಿಟ್ಕೊಳ್ಳೋದು ತಾನೆ?"

ಅವರು ಡೈರಿ ತೆಗೆದು ತೋರಿಸಿದರು. ಪ್ರತಿ ಸೋಮವಾರದ ಹಾಳೆಯಲ್ಲೂ ದುಂಡಗೆ "ತಿರುಗಿಸಿದೆ" ಎಂದು ಬರೆದಿತ್ತು.

"ಮಾಡದೇನೇ ಬರೆದಿದ್ದೀನಿ ಚೂಡಾಮಣಿಯವ್ರೇ. ಇದು ಇನ್ನೂ ಭಯ."

"ಡಾಕ್ಟರ್ ಹತ್ರ ಹೋದ್ರಾ?"

"ಹೋದ್ರೆ ಅವ್ರು ಹೌದು ಅಂದ್ಬಿಡ್ತಾರೆ."

ಆಮೇಲೆ ತಮ್ಮ ತಂದೆಯ ಕಥೆ ಹೇಳಿದರು. ಅವರ ತಂದೆ ಎಪ್ಪತ್ತಕ್ಕೆ ಮೊದಲು ಚಪ್ಪಲಿ ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಮಕ್ಕಳ ಹೆಸರು. ಕೊನೆಕೊನೆಗೆ, ಐವತ್ತು ವರ್ಷ ಜೊತೆಗಿದ್ದ ಹೆಂಡತಿ ಅನ್ನ ಬಡಿಸಲು ಬಂದರೆ ತಲೆಯೆತ್ತಿ ನೋಡಿ, "ಯಾರಮ್ಮ ನೀನು?" ಎನ್ನುತ್ತಿದ್ದರಂತೆ. ಆ ತಾಯಿ ಬಡಿಸುವುದನ್ನು ಬಿಟ್ಟು ಒಳಗೆ ಹೋಗಿ ಅಳುತ್ತಿದ್ದರು.

"ಡಬ್ಬ ಮರೆತ್ರೆ ಪರವಾಗಿಲ್ಲ, ಒಂದು ಕುಲ್ಫಿ ಕೆಡುತ್ತೆ ಅಷ್ಟೇ. ಮುಂದೆ ಒಂದಿನ ಕಮಲಾನ ನಾನು ಹಾಗೆ ಕೇಳಿಬಿಟ್ರೆ?" ಎಂದರು. ಕೈಯಲ್ಲಿ ಆ ಬೋಳು ಕಡ್ಡಿಯನ್ನೇ ತಿರುಗಿಸುತ್ತಿದ್ದರು. "ಅವಳಿಗೆ ಏನೂ ಹೇಳಿಲ್ಲ. ಸುಸ್ತಾಗಿದೆ, ಸಾಕು ವ್ಯಾಪಾರ ಅಂದಿದ್ದೀನಿ. ನೀವೂ ಹೇಳ್ಬೇಡಿ."

ನನಗೆ ಮೂಗಿನ ತುದಿಯಲ್ಲಿ ಕೋಪವಿರುವುದು ನಿಜ. ಆದರೆ ಆ ಗಳಿಗೆಯಲ್ಲಿ ಸಂಕಟವಾಯಿತು, ಅದನ್ನೇಕೆ ಮುಚ್ಚಿಡಲಿ. ಹಾಗೆಂದು ನನಗೆ ನಂಬಿಕೆ ಬರಲಿಲ್ಲ. ಈ ಮನುಷ್ಯ ನನ್ನ ಮಗಳ ಮದುವೆಗೆ ಎಷ್ಟು ಡಬ್ಬ ಕೊಟ್ಟಿದ್ದರೆಂದು ಈಗಲೂ ಹೇಳುತ್ತಾರೆ, ಆ ದಿನ ಯಾವ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತೆಂದೂ ಹೇಳುತ್ತಾರೆ. ಡಬ್ಬ ತಿರುಗಿಸುವುದನ್ನಷ್ಟೇ ಆರಿಸಿಕೊಂಡು ಮರೆಯುವ ಮರೆವು ಯಾವುದು?

"ಸೋಮವಾರ ನಾನೇ ಬರ್ತೀನಿ," ಎಂದೆ. "ನನ್ನ ಕಣ್ಣೆದುರಿಗೆ ತಿರುಗಿಸಿ. ಆಮೇಲೆ ನೋಡೋಣ."

ಸೋಮವಾರ ಸಂಜೆ ಐದಕ್ಕೆ ಹೋದೆ. ಕಮಲಾದೇವಿಯವರು ಪ್ರತಿ ಸೋಮವಾರದಂತೆ ಗವಿಪುರದ ದೇವಸ್ಥಾನಕ್ಕೆ ಹೋಗಿದ್ದರು. ಮರುಳಸಿದ್ದಪ್ಪನವರು ಒಂದೊಂದೇ ಡಬ್ಬವನ್ನು ಎದೆಗವಚಿಕೊಂಡು ಎತ್ತಿ, ಮಗುವನ್ನು ಮಗ್ಗುಲು ಬದಲಿಸಿ ಮಲಗಿಸುವಷ್ಟು ನಯವಾಗಿ ತಲೆಕೆಳಗು ಮಾಡಿ ಇಡುತ್ತಿದ್ದರು. ಸಾಕ್ಷಿಗೆಂದು ಹೋದವಳು ಸುಮ್ಮನೆ ನಿಲ್ಲಲಾರದೆ ನಾನೂ ಕೈ ಹಾಕಿದೆ. ಹನ್ನೆರಡನೇ ಡಬ್ಬಕ್ಕೆ ನನ್ನ ಸೊಂಟ ಬುದ್ಧಿ ಹೇಳಿತು. ಉಳಿದದ್ದನ್ನು ಸ್ಟೂಲಿನ ಮೇಲೆ ಕೂತು ಎಣಿಸಿದೆ. ತೊಂಬತ್ತಾರೂ ತಲೆಕೆಳಗಾದವು. ಒಂದು ವಿಭೂತಿಯ ಪಟ್ಟೆಯೂ ಕಾಣದಂತೆ ಆದ ಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

"ನೋಡಿದ್ರಾ, ಎಲ್ಲಾ ಸರಿಯಾಗೇ ಮಾಡಿದ್ದೀರಿ."

"ಇವತ್ತು ಮಾಡಿದ್ದೀನಿ. ಬುಧವಾರ ಬನ್ನಿ, ಎಲ್ಲಾ ನೆಟ್ಟಗೆ ನಿಂತಿರುತ್ತೆ. ಆಗ ಏನಂತೀರಾ? ನಿದ್ದೆಗಣ್ಣಲ್ಲಿ ನಾನೇ ಎದ್ದು ಬಂದು ತಿರುಗಿಸಿ ಹೋಗ್ತೀನಿ ಅಂತಾನಾ?" ಎಂದು ಭುಜ ನೀವಿಕೊಂಡರು. "ಅದಕ್ಕೇ ಇರ್ಬೇಕು ಈ ನೋವು."

ಬುಧವಾರ ಎಂದರೆ ಕರಾರಿನ ದಿನ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನ್ನ ಜಾತಕದಲ್ಲಿ ಬರೆದಿಲ್ಲ. ಮಂಗಳವಾರ ಅವರು ಜೆಪಿ ನಗರ, ಬಿಟಿಎಂ ಕಡೆ ಸರಕು ಕೊಡಲು ಹೋಗುವ ದಿನ, ಅದು ನಮ್ಮ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ಗಂಟೆಗೆ ಮತ್ತೆ ಹನುಮಂತನಗರದಲ್ಲಿ ಆಟೋ ಇಳಿದೆ. ಗೋಡೌನಿನ ಶಟರು ಅರ್ಧ ಮೇಲಿತ್ತು. ಒಳಗಿನಿಂದ ದಬ್, ದಬ್ ಎಂಬ ಸದ್ದು, ನಡುನಡುವೆ "ಶಿವ ಶಿವಾ" ಎಂಬ ನಿಟ್ಟುಸಿರು. ಬಗ್ಗಿ ನೋಡಿದೆ.

ಕಮಲಾದೇವಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೇಳದ ಬಲಗೈಯಲ್ಲೇ ಡಬ್ಬವನ್ನು ತಬ್ಬಿ ಹಿಡಿದು, ನೆಟ್ಟಗೆ ಮಾಡಿ ಇಡುತ್ತಿದ್ದರು. ಪ್ರತಿ ಡಬ್ಬದ ವಿಭೂತಿ ಅಳಿಸಿಹೋಗದ ಹಾಗೆ ಸೆರಗಿನ ಅಂಚಿನಿಂದ ಮೆಲ್ಲಗೆ ಧೂಳು ತೆಗೆದು, ಕಣ್ಣಿಗೊತ್ತಿಕೊಂಡು, ಮುಂದಿನದಕ್ಕೆ ಹೋಗುತ್ತಿದ್ದರು.

"ಕಮಲಾದೇವಿಯವ್ರೇ!"

ಅವರು ಬೆಚ್ಚಿಬಿದ್ದರು. ತುಟಿಯ ಮೇಲೆ ಬೆರಳಿಟ್ಟು, "ಶ್! ಒಳಗ್ಬನ್ನಿ, ಒಳಗ್ಬನ್ನಿ. ನಿಮ್ಮ ದಮ್ಮಯ್ಯ, ನಮ್ಮನೆಯವ್ರಿಗೆ ಮಾತ್ರ ಹೇಳ್ಬೇಡಿ," ಎಂದರು.

ಒಂದೇ ಮನೆಯಲ್ಲಿ ಗಂಡ ಹೆಂಡತಿಗೆ ಹೇಳಬೇಡಿ ಎನ್ನುತ್ತಾನೆ, ಹೆಂಡತಿ ಗಂಡನಿಗೆ ಹೇಳಬೇಡಿ ಎನ್ನುತ್ತಾಳೆ. ಗುಟ್ಟು ಇಟ್ಟುಕೊಳ್ಳಲು ಇವರಿಗೆ ಇಡೀ ದಕ್ಷಿಣ ಬೆಂಗಳೂರಿನಲ್ಲಿ ನನ್ನ ಹೊಟ್ಟೆಯೇ ಸಿಕ್ಕಬೇಕೇ?

"ಏನ್ರೀ ಇದೆಲ್ಲಾ? ಯಾಕೆ ಮಾಡ್ತಿದ್ದೀರಾ?"

ಅವರು ಡಬ್ಬದ ಮೇಲೆ ಕೈಯೂರಿ ನಿಂತರು. ಕಣ್ಣಲ್ಲಿ ನೀರು ಆಗಲೇ ತುಂಬಿತ್ತು.

"ಅವ್ರಿಗೆ ಮರೆವು ಶುರುವಾಗಿದೆ ಚೂಡಾಮಣಿಯವ್ರೇ. ಶಿವರಾತ್ರಿ ಆದ ಮೇಲೆ ಊದುಬತ್ತಿ ಹಚ್ಚೋಕೆ ಬಂದೆ. ನೋಡ್ತೀನಿ, ವಿಭೂತಿ ಹಚ್ಚಿದ ಮುಖ ಕೆಳಗೆ ಹಾಕಿ ಇಟ್ಟಿದ್ದಾರೆ, ಅದೂ ಧೂಳು ಹಲಗೆ ಮೇಲೆ. ಒಂದಲ್ಲ, ಅಷ್ಟೂ. ಸ್ನಾನ ಮಾಡ್ದೆ ವಿಭೂತಿ ಮುಟ್ಟೋ ಮನುಷ್ಯ ಅಲ್ಲ ಅವ್ರು. ಬುದ್ಧಿ ನೆಟ್ಟಗಿದ್ರೆ ಹಿಂಗೆ ಮಾಡ್ತಾರಾ? ನಮ್ಮ ಮಾವನೋರಿಗೂ ಹಿಂಗೇ ಶುರುವಾಗಿದ್ದು, ಚಪ್ಪಲಿ ಬಿಟ್ಟಿದ್ದು ಎಲ್ಲಿ ಅಂತಾನೇ ಗೊತ್ತಾಗ್ತಿರಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೇಳಿದ್ರೆ ನೊಂದ್ಕೋತಾರೆ. ಅದಕ್ಕೆ ಅವ್ರು ಆ ಕಡೆ ಹೋದ ಮೇಲೆ ನಾನೇ ಸರಿ ಮಾಡಿಟ್ಬಿಡ್ತೀನಿ. ತನಗೆ ಮರೆವು ಬಂದಿದೆ ಅಂತ ಅವ್ರಿಗೆ ಗೊತ್ತೇ ಆಗ್ಬಾರ್ದು."

ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟೆ. ವಿಭೂತಿಯ ಮೇಲೆ ಕೂತಿರಿ ಎಂದು ಅವರು ಹೌಹಾರಿದ್ದರಿಂದ ಎದ್ದು ಸ್ಟೂಲಿಗೆ ಹೋದೆ. ಶಿವರಾತ್ರಿಯಿಂದ ಹದಿನೇಳು ಸೋಮವಾರ ಆ ಪುಣ್ಯಾತ್ಮ ಇದ್ದ ಡಬ್ಬವನ್ನೆಲ್ಲ ತಲೆಕೆಳಗು ಮಾಡಿದ್ದಾನೆ. ಹದಿನೇಳು ಮಂಗಳವಾರ ಈ ಮಹಾತಾಯಿ ಅಷ್ಟನ್ನೂ ನೆಟ್ಟಗೆ ಮಾಡಿದ್ದಾಳೆ. ಇಬ್ಬರ ಭುಜವೂ ಬಿದ್ದುಹೋಗಿದೆ. ಹಾಲು ಮಾತ್ರ ವಾರಕ್ಕೆ ಆರು ದಿನ ಒಂದೇ ಕಡೆ ಕೂತು ಸಕ್ಕರೆಯನ್ನು ತಳಕ್ಕೆ ಇಳಿಸಿದೆ. ನನ್ನ ಕುಲ್ಫಿಗೆ ಮರಳು ಬಂದದ್ದು ಹೀಗೆ.

"ಡಬ್ಬ ವಾರಕ್ಕೊಂದು ಸಲ ತಿರುಗಿಸ್ಬೇಕು ಅಂತ ನಿಮಗೆ ಗೊತ್ತಿಲ್ವಾ?"

"ನನಗೆಲ್ಲಿ ಗೊತ್ತು? ವ್ಯಾಪಾರ ಶುರುವಾದ ಹೊಸದರಲ್ಲಿ, ಯಾರಿಗೋ ತೆಗೆದಿಟ್ಟಿದ್ದ ಡಬ್ಬಾನ ತಂಗಿ ಮಗನ ನಾಮಕರಣಕ್ಕೆ ಕೊಟ್ಬಿಟ್ಟಿದ್ದೆ. ಗೋಡೌನ್ ವಿಷಯಕ್ಕೆ ನೀನು ಬರ್ಬೇಡ ಅಂದ್ರು. ಅವತ್ತಿಂದ ಊದುಬತ್ತಿ ಬಿಟ್ಟು ಬೇರೆ ಕಡೆ ತಲೆ ಎತ್ತಿಯೂ ನೋಡಿಲ್ಲ," ಎಂದರು ಬಿಗುಮಾನದಿಂದ.

ಫೋನು ತೆಗೆದೆ. "ಸಿದ್ದಪ್ಪನವ್ರೇ, ಎಲ್ಲಿದ್ದೀರಾ? ಕೈಯಲ್ಲಿರೋ ಕೆಲಸ ಬಿಟ್ಟು ಮನೆಗೆ ಬನ್ನಿ. ಕಳ್ಳ ಸಿಕ್ಕಿಬಿದ್ದಿದ್ದಾನೆ."

"ಹೇಳ್ಬೇಡಿ ಅಂದ್ರೆ!" ಎಂದು ಕಮಲಾದೇವಿಯವರು ನನ್ನ ತೋಳು ಹಿಡಿದರು. ಹಿಡಿದ ಕೈಯ ನೋವಿಗೆ ತಾವೇ ಅಯ್ಯೋ ಎಂದರು.

ಜೆಪಿ ನಗರದಿಂದ ಬರಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಎಷ್ಟು ಬೇಡವೆಂದರೂ ಕೇಳದೆ ಕಮಲಾದೇವಿಯವರು ಉಳಿದ ಡಬ್ಬಗಳನ್ನೂ ನೆಟ್ಟಗೆ ಮಾಡುತ್ತಿದ್ದರು, ವಿಭೂತಿ ಕೆಳಗಿರುವುದನ್ನು ನೋಡಿಕೊಂಡು ಕೂರಲು ಅವರಿಂದಾಗದು. ಸ್ಕೂಟರ್ ನಿಂತ ಸದ್ದಾಯಿತು. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ ಮರುಳಸಿದ್ದಪ್ಪನವರು, ಡಬ್ಬ ತಬ್ಬಿ ನಿಂತಿದ್ದ ಹೆಂಡತಿಯನ್ನು ಕಂಡು ಬಗ್ಗಿದ ಹಾಗೆಯೇ ನಿಂತರು.

"ನೀನಾ?"

"ನೀವು ತಲೆಕೆಳಗು ಇಟ್ಟಿದ್ರಿ... ಅದಕ್ಕೆ ಸರಿ ಮಾಡಿಡ್ತಿದ್ದೆ."

"ತಲೆಕೆಳಗೇ ಇಡ್ಬೇಕು ಕಣೇ! ಮೂವತ್ತು ವರ್ಷದಿಂದ ಪ್ರತಿ ಸೋಮವಾರ ತಿರುಗಿಸ್ತಾ ಇದ್ದೀನಿ!"

"ನನಗೆ ಯಾವತ್ತು ಹೇಳಿದ್ರಿ?"

ಮಾತಿಗೆ ಸಿಕ್ಕಿಬಿದ್ದ ಗಂಡಸರೆಲ್ಲ ಮಾಡುವುದನ್ನೇ ಅವರೂ ಮಾಡಿದರು, ಶಾಸ್ತ್ರಕ್ಕೆ ಹೋದರು.

"ವಿಭೂತಿ ಕೆಳಗಾದ್ರೆ ಏನು ತಪ್ಪು? ನಾವು ಸಾಷ್ಟಾಂಗ ಹಾಕೋವಾಗ ಹಣೆ ನೆಲಕ್ಕೆ ತಾಗಲ್ವಾ? ಹಣೆಯಲ್ಲಿ ವಿಭೂತಿ ಇರಲ್ವಾ? ಡಬ್ಬ ಸಾಷ್ಟಾಂಗ ಹಾಕ್ತಾ ಇತ್ತು ಅಂದ್ಕೋ."

"ನಾವು ಸಾಷ್ಟಾಂಗ ಹಾಕಿದ್ರೆ ತಿರುಗಾ ಏಳ್ತೀವಿ. ವಾರಗಟ್ಟಲೆ ಹಣೆ ಊರಿ ಬಿದ್ದಿರೋದು ಸಾಷ್ಟಾಂಗಾನಾ?"

ತೀರ್ಪಿಗಾಗಿ ಇಬ್ಬರೂ ನನ್ನ ಕಡೆ ನೋಡಿದರು. ನಾನು ಬ್ರಾಹ್ಮಣಿತಿ, ಇವರ ವಿಭೂತಿಯ ನ್ಯಾಯದಲ್ಲಿ ಮೂಗು ತೂರಿಸುವವಳಲ್ಲ. ಆದರೆ ಮುಖ್ಯವಾದ ಮಾತು ಇನ್ನೂ ಆಚೆಗೆ ಬಂದಿರಲಿಲ್ಲ. ಇವರನ್ನು ಹೀಗೆಯೇ ಬಿಟ್ಟರೆ ಸಾಷ್ಟಾಂಗದಲ್ಲೇ ಸಂಜೆ ಮಾಡುತ್ತಾರೆ ಎನಿಸಿ ಹೊಟ್ಟೆಯಲ್ಲಿದ್ದ ಎರಡೂ ಗುಟ್ಟನ್ನು ಒಟ್ಟಿಗೇ ಹೊರಗೆ ಹಾಕಿದೆ.

"ಕಮಲಾದೇವಿಯವ್ರೇ, ನಿಮ್ಮ ಯಜಮಾನ್ರು ವ್ಯಾಪಾರ ನಿಲ್ಲಿಸ್ತಿರೋದು ಸುಸ್ತಿಗಲ್ಲ. ತಿರುಗಿಸಿಟ್ಟ ಡಬ್ಬ ಎರಡು ದಿನಕ್ಕೆ ನೆಟ್ಟಗಿರೋದು ನೋಡಿ, ತಮಗೆ ಮರೆವು ಬಂದಿದೆ ಅಂತ ಹೆದರಿದ್ದಾರೆ. ಸಿದ್ದಪ್ಪನವ್ರೇ, ಇವ್ರು ಡಬ್ಬ ನೆಟ್ಟಗೆ ಮಾಡ್ತಿದ್ದಿದ್ದು ಯಾಕೆ ಗೊತ್ತಾ? ನಿಮಗೆ ಮರೆವು ಬಂದಿದೆ ಅಂತ, ಅದು ನಿಮಗೆ ತಿಳೀಬಾರ್ದು ಅಂತ."

ಕಮಲಾದೇವಿಯವರ ಕೈಯಲ್ಲಿ ಡಬ್ಬ ಇನ್ನೂ ಇತ್ತು. ಮರುಳಸಿದ್ದಪ್ಪನವರು ಹತ್ತಿರ ಹೋಗಿ ಅದನ್ನು ಇಸಿದುಕೊಂಡು ಕೆಳಗಿಟ್ಟರು.

"ಅಪ್ಪ ಅಮ್ಮನ್ನ ಕೇಳ್ತಿದ್ರಲ್ಲ ಕಮಲಾ, ಯಾರಮ್ಮ ನೀನು ಅಂತ," ಎಂದರು. "ನಾನೂ ಒಂದಿನ ನಿನ್ನ ಹಾಗೆ ಕೇಳಿಬಿಡ್ತೀನೇನೋ ಅಂತ ಭಯ ಆಗಿತ್ತು."

ಕಮಲಾದೇವಿಯವರಿಗೆ ಅಳು ಬರುತ್ತದೆ ಎಂದು ನಾನು ಕಾದೆ. ಬಂದದ್ದು ಸಿಟ್ಟು.

"ಕೇಳಿದ್ರೆ ಏನಾಗ್ತಿತ್ತು? ಹೇಳ್ತಿದ್ದೆ. ದಿನಾ ಕೇಳಿದ್ರೆ ದಿನಾ ಹೇಳ್ತಿದ್ದೆ. ನಾನೇನು ಅತ್ತೆ ಹಂಗೆ ಒಳಗೋಗಿ ಅಳ್ತಾ ಕೂರೋಳಾ? ಅದಕ್ಕೋಸ್ಕರ ಮೂವತ್ತು ವರ್ಷದ ವ್ಯಾಪಾರಾನ ಯಾವನೋ ಕೊರಿಯರ್‌ನೋನಿಗೆ ಬಿಟ್ಟುಕೊಡ್ತಾರಾ?"

ಅಷ್ಟು ಹೇಳಿದ ಮೇಲೆ ಅತ್ತರು. ಮರುಳಸಿದ್ದಪ್ಪನವರೂ ಅತ್ತರು. ನಾನು ಶಿವನ ಪಟದ ಕಡೆ ತಿರುಗಿ ಊದುಬತ್ತಿ ಆರಿದೆಯೇ ಎಂದು ಬಹಳ ಮುತುವರ್ಜಿಯಿಂದ ನೋಡುತ್ತಾ ನಿಂತೆ. ಆರಿತ್ತು. ನನ್ನ ಕಣ್ಣಿಗೆ ಬಂದ ನೀರಿಗೆ ಹೊಗೆಯ ನೆಪವನ್ನೂ ಹೇಳುವಂತಿರಲಿಲ್ಲ.

ಬುಧವಾರ ಕರಾರಿನ ಹಾಳೆ ಹಿಡಿದು ಬಂದ ನಂದಕುಮಾರ್ ಅವರಿಗೆ ಕಮಲಾದೇವಿಯವರೇ ಗೇಟಿನ ಬಳಿ ನಿಂತು ಮಜ್ಜಿಗೆ ಕೊಟ್ಟು ಕಳಿಸಿದರಂತೆ. ಗುರುವಾರ ಗಂಡನನ್ನು ಎಳೆದುಕೊಂಡು ಡಾಕ್ಟರ ಬಳಿಗೂ ಹೋದರು. ಡಾಕ್ಟರು ಅದು ಇದು ಕೇಳಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದಾಗ, ಇವರು ಏಳೂವರೆ ಏಳೂವರೆ ಕಳೆಯುತ್ತಾ ಹೋದರಂತೆ. ಡಬ್ಬದ ತೂಕ ಅದೇ, ಅಭ್ಯಾಸ. ಮರೆವೇನೂ ಇಲ್ಲ, ಆದರೆ ರಕ್ತದಲ್ಲಿ ಸಕ್ಕರೆ ಚೆನ್ನಾಗಿಯೇ ಇದೆ ಎಂದು ಡಾಕ್ಟರು ತೀರ್ಮಾನ ಕೊಟ್ಟರು. ಮೂವತ್ತು ವರ್ಷ ಚಮಚ ತೊಳೆದು ಕುಡಿದದ್ದು ಎಲ್ಲಿಗೆ ಹೋಗುತ್ತದೆ? ಅಂದಿನಿಂದ ರುಚಿ ನೋಡುವ ಅಧಿಕಾರ ಕಮಲಾದೇವಿಯವರಿಗೆ ಹೋಯಿತು. ಗೋಡೌನ್ ವಿಷಯಕ್ಕೆ ಬರಬೇಡ ಎಂದವರೇ ಈಗ ಚಮಚ ಹಿಡಿದು ಮೆಟ್ಟಿಲ ಕೆಳಗೆ ನಿಂತು, "ಕಮಲಾ, ಪೂಜೆ ಆಯ್ತಾ?" ಎಂದು ಕಾಯುತ್ತಾರೆ.

ವಿಭೂತಿಯ ವ್ಯಾಜ್ಯವನ್ನೂ ಕಮಲಾದೇವಿಯವರೇ ಬಗೆಹರಿಸಿದರು. ನಾವು ತೋಳಿಗೆ, ಎದೆಗೆಲ್ಲ ಹಚ್ಚಿಕೊಳ್ಳುವುದಿಲ್ಲವೇ, ಹಾಗೆ ಡಬ್ಬದ ಹೊಟ್ಟೆಯ ಮೇಲೆ ಹಚ್ಚಿದರಾಯಿತು, ತಲೆ ಯಾವ ಕಡೆಯಿದ್ದರೂ ಶಿವನಿಗೆ ಬೇಸರವಿಲ್ಲ ಎಂದರು. ಮುಚ್ಚಳಕ್ಕೆ ಗೆರೆ ಹಾಕಲು ನಾನೇ ಒಂದು ಪೆಟ್ಟಿಗೆ ಸೀಮೆಸುಣ್ಣ ಕೊಂಡು ಕೊಟ್ಟೆ. ಮರಳು ಕಟ್ಟಿದ ಆ ಸರಕನ್ನು ಟಾಫಿಯವನೊಬ್ಬ ತೆಗೆದುಕೊಂಡ, ಮತ್ತೆ ಕುದಿಸುವವನಿಗೆ ಹರಳಿದ್ದರೇನು. ಶ್ರಾವಣದ ಮೊದಲ ಮದುವೆಗೆ ನಾನು ಕೊಟ್ಟ ಕುಲ್ಫಿ ಬೆಣ್ಣೆಯಂತಿತ್ತು. ಕಟ್ಟಿಸಿದ ಹಲ್ಲಿನ ಸೋದರಮಾವ ಮಾತ್ರ ಆ ಮದುವೆಗೆ ಬಂದಿರಲಿಲ್ಲ. ಬೇಕಾದಾಗ ಇಂಥವರು ಸಿಗುವುದೇ ಇಲ್ಲ.

ಮೊನ್ನೆ ಸೋಮವಾರ ಆ ಕಡೆ ಕೆಲಸವಿತ್ತು, ಹಾಗೇ ಇಣುಕಿದೆ. ಒಬ್ಬರೇ ಎತ್ತಬಾರದು ಎಂದು ಡಾಕ್ಟರು ಹೇಳಿರುವುದರಿಂದ ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಡಬ್ಬ ತಿರುಗಿಸುತ್ತಿದ್ದರು. ನಾನು ಶಟರಿನ ಹೊರಗೇ ನಿಂತೆ. ನಡುವೆ ಒಂದು ಡಬ್ಬ ಎತ್ತಿ ಹಿಡಿದಾಗ ಮರುಳಸಿದ್ದಪ್ಪನವರು ಬೇಕೆಂದೇ ಹುಬ್ಬು ಗಂಟಿಕ್ಕಿ, ಎದುರಿಗಿದ್ದವರನ್ನು ದಿಟ್ಟಿಸಿ ನೋಡಿ, "ಯಾರಮ್ಮ ನೀನು?" ಎಂದರು.

ಕಮಲಾದೇವಿಯವರು ನಗಲಿಲ್ಲ, ರೇಗಲೂ ಇಲ್ಲ. ಅದು ಆ ಸಂಜೆಯ ಎಷ್ಟನೆಯ ಸಲವೋ.

"ನಾನು ಕಮಲಾದೇವಿ. ನಿಮ್ಮ ಹೆಂಡ್ತಿ. ಆ ಕಡೆ ಸರಿಯಾಗಿ ಹಿಡ್ಕೊಳ್ಳಿ."